ಗಣೇಶನ ಹಬ್ಬಕ್ಕೆ ಬೀಜ, ದೀಪಾವಳಿಗೆ ಟೊಮೆಟೊ ಹೂ

ಏಪ್ರಿಲ್ ತಿಂಗಳ ಕಲಬುರಗಿ. ಬೆಳಿಗ್ಗೆ ಎಂಟು ಗಂಟೆಗೇ ಬಿಸಿಲು ಚುರುಗುಟ್ಟುತ್ತದೆ. ಹಿತ್ತಲಿನಲ್ಲೋ ಮಾಳಿಗೆಯ ಮೇಲಿನ ಕುಂಡಗಳಲ್ಲೋ ಟೊಮೆಟೊ ಗಿಡಗಳು ಸೊಂಟದೆತ್ತರ ನಿಂತಿವೆ. ಎಲೆ ಹಸಿರಾಗಿದೆ, ಕಾಂಡ ದಪ್ಪಗಿದೆ, ಗೊಂಚಲು ಗೊಂಚಲು ಹಳದಿ ಹೂವೂ ಬಂದಿದೆ. ಆದರೆ ದಿನಾ ಬೆಳಿಗ್ಗೆ ನೋಡಿದರೆ ಬುಡದಲ್ಲಿ ಅರಿಶಿನ ಚೆಲ್ಲಿದಂತೆ ಹೂ ಉದುರಿರುತ್ತದೆ. ಕಾಯಿ ಮಾತ್ರ ಒಂದೂ ಇಲ್ಲ. ಮನೆಯವರು ಮೊದಲು ನೀರು ಹೆಚ್ಚು ಮಾಡುತ್ತಾರೆ. ಆಮೇಲೆ ಯಾರೋ ಹೇಳಿದರೆಂದು ಒಂದು ಹಿಡಿ ಯೂರಿಯಾ ಹಾಕುತ್ತಾರೆ. ಎಲೆ ಇನ್ನಷ್ಟು ಸೊಕ್ಕುತ್ತದೆ, ಹೂ ಇನ್ನಷ್ಟು ಉದುರುತ್ತದೆ. ಮೇ ತಿಂಗಳ ಹೊತ್ತಿಗೆ ಗಿಡ ಕಿತ್ತು ತಿಪ್ಪೆಗೆ ಹಾಕಿ, ‘ನಮ್ಮ ಕೈಗುಣವೇ ಸರಿಯಿಲ್ಲ’ ಎಂದು ಸುಮ್ಮನಾಗುತ್ತಾರೆ.

ಇಲ್ಲಿ ಕೈಗುಣದ ತಪ್ಪಿಲ್ಲ. ಗೊಬ್ಬರದ ತಪ್ಪೂ ಇಲ್ಲ, ಬೀಜ ಮಾರಿದವನ ತಪ್ಪೂ ಇಲ್ಲ. ತಪ್ಪು ನಡೆದದ್ದು ಎರಡು ತಿಂಗಳ ಹಿಂದೆ, ಬೀಜ ಬಿತ್ತಿದ ದಿನವೇ. ಫೆಬ್ರವರಿಯಲ್ಲಿ ಬಿತ್ತಿದ ಬೀಜ ಏಪ್ರಿಲಿನಲ್ಲಿ ಹೂ ಬಿಡಲೇಬೇಕು. ಏಪ್ರಿಲಿನ ಕಲಬುರಗಿಯಲ್ಲಿ ಟೊಮೆಟೊ ಹೂ ಕಾಯಿಯಾಗುವುದು ಬಹಳ ಕಷ್ಟ.

ಟೊಮೆಟೊ ಮೂಲತಃ ದಕ್ಷಿಣ ಅಮೆರಿಕದ ಪಶ್ಚಿಮ ಭಾಗದ ಗಿಡ. ಅದರ ಕಾಡುಬಂಧುಗಳು ಇಂದಿಗೂ ಪೆರು, ಈಕ್ವೆಡಾರ್ ದೇಶಗಳಲ್ಲಿ, ಆಂಡಿಸ್ ಪರ್ವತದ ಇಳಿಜಾರುಗಳಲ್ಲಿ ಬೆಳೆಯುತ್ತವೆ. ಹಗಲು ಒಳ್ಳೆಯ ಬಿಸಿಲು, ರಾತ್ರಿ ತಂಪು. ಇದು ಆ ನೆಲದ ರೂಢಿ. ಮೆಕ್ಸಿಕೋದ ಜನ ಅದನ್ನು ಪಳಗಿಸಿ ದೊಡ್ಡ ಹಣ್ಣಿನ ಬೆಳೆಯಾಗಿ ಮಾಡಿಕೊಂಡರು. ಹದಿನಾರನೆಯ ಶತಮಾನದಲ್ಲಿ ಸ್ಪೇನಿನವರು ಯೂರೋಪಿಗೆ ಒಯ್ದರು, ಪೋರ್ಚುಗೀಸರ ಮೂಲಕ ನಮ್ಮಲ್ಲಿಗೆ ಬಂತು. ಸಾರು, ಗೊಜ್ಜು, ಬಾತುಗಳಲ್ಲೆಲ್ಲ ಸೇರಿಕೊಂಡರೂ ಸಂಪ್ರದಾಯಸ್ಥರ ಮನೆಯ ಶ್ರಾದ್ಧದ ಅಡುಗೆಗೆ ಅದಕ್ಕೆ ಇಂದಿಗೂ ಪ್ರವೇಶವಿಲ್ಲ. ಕೋಲಾರದ ಕಡೆ ‘ತಕ್ಕಾಳಿ’ ಎಂದು ಕರೆಸಿಕೊಂಡು ಎಷ್ಟೇ ನಮ್ಮದಾದರೂ ತಂಪು ರಾತ್ರಿಯ ಹಂಬಲವನ್ನು ಈ ಗಿಡ ಬಿಟ್ಟಿಲ್ಲ.

ಹೂವಿನ ಒಳಗೆ ನಡೆಯುವುದಿಷ್ಟು. ಹಗಲಿನ ಉಷ್ಣತೆ 32ರಿಂದ 35 ಡಿಗ್ರಿ ಸೆಲ್ಸಿಯಸ್ ದಾಟಿ, ರಾತ್ರಿಯದು 21–22 ಡಿಗ್ರಿಗಿಂತ ಕೆಳಗಿಳಿಯದೆ ಹೋದರೆ ಪರಾಗದ ಕಣಗಳು ಜೊಳ್ಳಾಗುತ್ತವೆ. ಈ ಪೆಟ್ಟು ಬೀಳುವುದು ಹೂ ಅರಳಿದ ಮೇಲಲ್ಲ. ಅರಳುವುದಕ್ಕೆ ವಾರ, ಹತ್ತು ದಿನ ಮೊದಲು, ಮೊಗ್ಗಿನೊಳಗೆ ಪರಾಗ ರೂಪುಗೊಳ್ಳುವಾಗಲೇ ಬೀಳುತ್ತದೆ. ಆದ್ದರಿಂದ ಹೂ ಅರಳಿದ ದಿನ ಮೋಡ ಮುಚ್ಚಿ ತಂಪಾದರೂ ಪ್ರಯೋಜನವಾಗದು. ಫಲ ಕಟ್ಟದ ಹೂವನ್ನು ಗಿಡ ತೊಟ್ಟಿನ ಗಂಟಿನಲ್ಲಿ ಕಳಚಿ ಹಾಕುತ್ತದೆ. ಹೇಗೋ ಕಾಯಿ ಕಟ್ಟಿತೆನ್ನೋಣ. ಮಾಗುವಾಗ ಉಷ್ಣತೆ 30–32 ಡಿಗ್ರಿಗಿಂತ ಮೇಲಿದ್ದರೆ ಕೆಂಪು ಬಣ್ಣ ಕೊಡುವ ಲೈಕೊಪೀನ್ ಸರಿಯಾಗಿ ತಯಾರಾಗುವುದಿಲ್ಲ. ಬೇಸಿಗೆಯ ಹಣ್ಣು ಕಿತ್ತಳೆ ಬಣ್ಣಕ್ಕೇ ನಿಂತುಬಿಡುವುದು ಇದರಿಂದ.

<b>ಲೆಕ್ಕ ಹಿಂದಿನಿಂದ</b>

ಯೂರೋಪಿನಲ್ಲಿ ಬರೆದ ತೋಟದ ಪುಸ್ತಕಗಳನ್ನು ಓದಿದವರು ಇಲ್ಲಿ ದಾರಿ ತಪ್ಪುವುದುಂಟು. ಅಲ್ಲಿನವರಿಗೆ ಹಿಮದ ಭಯ. ಕೊನೆಯ ಹಿಮ ಬೀಳುವ ದಿನವನ್ನು ಅಂದಾಜು ಮಾಡಿ, ಅದಕ್ಕೆ ಆರೆಂಟು ವಾರ ಮೊದಲು ಮನೆಯೊಳಗೆ ಬೆಚ್ಚಗೆ ಸಸಿ ಎಬ್ಬಿಸುತ್ತಾರೆ. ಬೇಸಿಗೆ ಬಂದಾಗ ಹೊರಗೆ ನೆಡುತ್ತಾರೆ. ನಮ್ಮದು ತಿರುವುಮುರುವು. ಬೆಚ್ಚಗಿಡುವ ಗೋಜು ಇಲ್ಲಿಲ್ಲ. ಹೂವಿಗೆ ತಂಪು ರಾತ್ರಿ ಯಾವಾಗ ಸಿಗುತ್ತದೆ ಎಂಬುದನ್ನು ಮೊದಲು ಗೊತ್ತು ಮಾಡಿಕೊಂಡು, ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಬೀಜ ಬಿತ್ತುವ ದಿನ ಸಿಗುತ್ತದೆ.

ಎಣಿಕೆ ಸುಲಭ. ಬಿತ್ತಿದ ಮೇಲೆ 25ರಿಂದ 30 ದಿನಕ್ಕೆ ಸಸಿ ನಾಟಿಗೆ ಸಿದ್ಧ. ನಾಟಿಯಾದ ಸುಮಾರು ಒಂದು ತಿಂಗಳಿಗೆ ಹೂ. ಹೂವಿನಿಂದ ಹಣ್ಣಿಗೆ ಮತ್ತೆ ತಿಂಗಳೂವರೆ. ಅಂದರೆ ಬೀಜದಿಂದ ಹೂವಿಗೆ 55–65 ದಿನ, ಹಣ್ಣಿಗೆ ಮೂರೂವರೆ ತಿಂಗಳು. ಕಲಬುರಗಿ, ರಾಯಚೂರು, ಬೀದರ, ವಿಜಯಪುರದ ಕಡೆಯವರಿಗೆ ಈ ಲೆಕ್ಕವನ್ನು ಪಂಚಾಂಗವೇ ಹಾಕಿಕೊಟ್ಟಿದೆ ಎನ್ನಬಹುದು. ಗಣೇಶನ ಹಬ್ಬದ ಆಸುಪಾಸಿನಲ್ಲಿ ಬೀಜ ಹಾಕಿದರೆ ನವರಾತ್ರಿಯ ಹೊತ್ತಿಗೆ ನಾಟಿ. ಚೌತಿಯಿಂದ ದೀಪಾವಳಿ ಅಮಾವಾಸ್ಯೆಗೆ ಸರಿಯಾಗಿ ಐವತ್ತೈದು ದಿನದಷ್ಟು ಅಂತರ. ಆ ಹೊತ್ತಿಗೆ ಮೊದಲ ಹೂಗೊಂಚಲು. ಅಲ್ಲಿಂದ ಎರಡು ಅಮಾವಾಸ್ಯೆ ಕಳೆದರೆ ಎಳ್ಳಮಾವಾಸ್ಯೆ. ಹೊಲಕ್ಕೆ ಚರಗ ಚೆಲ್ಲಲು ಬುತ್ತಿ ಕಟ್ಟುವ ದಿನ ಹಿತ್ತಲಲ್ಲಿ ಹಣ್ಣು ಕೆಂಪಾಗಿರುತ್ತದೆ. ಅಧಿಕ ಮಾಸ ಬಂದ ವರ್ಷ ಗಣೇಶನ ಹಬ್ಬ ಸೆಪ್ಟೆಂಬರ್ ನಡುವಿಗೆ ಹೋದರೂ ಕೇಡಿಲ್ಲ. ನವೆಂಬರ್, ಡಿಸೆಂಬರಿನ ರಾತ್ರಿಗಳು ಆ ಸೀಮೆಯಲ್ಲಿ ತಂಪೇ.

ಬೆಂಗಳೂರು, ಮೈಸೂರಿನವರು ಅದೃಷ್ಟವಂತರು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿರುವುದರಿಂದ ವರ್ಷದ ಹೆಚ್ಚಿನ ಕಾಲ ಟೊಮೆಟೊ ಹೂವಿಗೆ ತೊಂದರೆಯಿಲ್ಲ. ಆದರೂ ಜನವರಿ, ಫೆಬ್ರವರಿಯ ಬಿತ್ತನೆ ಅಲ್ಲಿಯೂ ಅಷ್ಟಕ್ಕಷ್ಟೆ. ಜೂನ್–ಜುಲೈ ಅಥವಾ ಸೆಪ್ಟೆಂಬರ್–ಅಕ್ಟೋಬರ್ ಒಳ್ಳೆಯದು. ಕರಾವಳಿಯ ಕಥೆ ಬೇರೆ. ಮಂಗಳೂರಿನ ಮಳೆಗಾಲದಲ್ಲಿ ಟೊಮೆಟೊ ಸಸಿ ಎಬ್ಬಿಸುವುದು ವ್ಯರ್ಥ ಸಾಹಸ. ಮಳೆ ಹಿಂದೆ ಸರಿಯುವ ಸೆಪ್ಟೆಂಬರ್ ಕೊನೆಗೆ, ಹಸ್ತ ಮಳೆಯ ಹೊತ್ತಿಗೆ ಬೀಜ ಹಾಕಿದರೆ ಡಿಸೆಂಬರ್, ಜನವರಿಯಲ್ಲಿ ಸಿಗುವಷ್ಟು ತಂಪಾದರೂ ಸಿಗುತ್ತದೆ. ಅಲ್ಲಿನ ಹುಳಿ ಮಣ್ಣಿನಲ್ಲಿ ದುಂಡಾಣು ಸೊರಗು ರೋಗದ ಕಾಟವೂ ಇದೆ. ಹಸಿರಾಗಿದ್ದ ಗಿಡ ಎರಡೇ ದಿನದಲ್ಲಿ ಬಾಡಿ ಜೋತುಬೀಳುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಆಭಾ’ ತಳಿ ಈ ರೋಗವನ್ನು ತಡೆದುಕೊಳ್ಳುತ್ತದೆ. ಬದನೆಯ ಬೇರುಗಿಡಕ್ಕೆ ಟೊಮೆಟೊ ಕಸಿ ಕಟ್ಟುವ ಉಪಾಯವೂ ಇದೆ. ಇಬ್ಬರದೂ ಒಂದೇ ಕುಲ.

<b>ಬೀಜದ ಆಯ್ಕೆ</b>

2023ರ ಜುಲೈನಲ್ಲಿ ಟೊಮೆಟೊ ಬೆಲೆ ಕಿಲೋಗೆ ನೂರು ರೂಪಾಯಿ ದಾಟಿ ಓಡಿದಾಗ ಎಷ್ಟೋ ಮನೆಗಳಲ್ಲಿ ಸಾರಿಗೆ ತಂದ ಹಣ್ಣಿನ ಬೀಜವನ್ನೇ ಕುಂಡಕ್ಕೆ ಹಿಂಡಿದರು. ಬೀಜ ಮೊಳೆಯಿತು, ಗಿಡವೂ ಬಂತು. ಆದರೆ ಹಣ್ಣು ತಂದ ಹಣ್ಣಿನಂತಿರಲಿಲ್ಲ. ಪೇಟೆಗೆ ಬರುವ ಟೊಮೆಟೊದಲ್ಲಿ ಹೆಚ್ಚಿನ ಪಾಲು ಸಂಕರ ತಳಿ. ಎರಡು ಭಿನ್ನ ಗಿಡಗಳನ್ನು ಕೂಡಿಸಿ ಪಡೆದ ಮೊದಲ ತಲೆಮಾರಿನಲ್ಲಿ ಎಲ್ಲ ಗಿಡಗಳೂ ಒಂದೇ ಅಚ್ಚಿನವು. ಅದರ ಬೀಜ ಬಿತ್ತಿದರೆ ಎರಡನೆಯ ತಲೆಮಾರಿನಲ್ಲಿ ಅಜ್ಜ ಅಜ್ಜಿಯರ ಗುಣಗಳು ಬೇರೆ ಬೇರೆಯಾಗಿ ಹೊರಬೀಳುತ್ತವೆ. ಮಠದ ತೋಟದಲ್ಲಿ ಬಟಾಣಿ ಬೆಳೆದ ಮೆಂಡೆಲ್ ಕಂಡದ್ದೂ ಇದನ್ನೇ. ರೋಗ ತಡೆಯುವ ಗುಣ ಕೆಲವು ಗಿಡಗಳಲ್ಲಿ ಉಳಿಯುತ್ತದೆ, ಕೆಲವದರಲ್ಲಿ ಹೋಗುತ್ತದೆ. ಮಕ್ಕಳಿಗೆ ಅನುವಂಶೀಯತೆಯ ಪಾಠ ಕಲಿಸಲು ಇದಕ್ಕಿಂತ ಒಳ್ಳೆಯ ಪ್ರಯೋಗವಿಲ್ಲ. ಮನೆಯ ಸಾರಿಗೇ ನೆಚ್ಚಿಕೊಂಡರೆ ಮಾತ್ರ ನಿರಾಸೆಯಾದೀತು.

ಸ್ಥಿರ ತಳಿಗಳಾದರೆ ಈ ತೊಡಕಿಲ್ಲ. ಟೊಮೆಟೊ ತನ್ನ ಹೂವಿನ ಪರಾಗದಿಂದಲೇ ಫಲ ಕಟ್ಟುವ ಗಿಡವಾದ್ದರಿಂದ ತಳಿ ಸುಲಭಕ್ಕೆ ಕೆಡುವುದಿಲ್ಲ. ಹೆಸರಘಟ್ಟದ ‘ಅರ್ಕಾ ವಿಕಾಸ್’, ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಎಲೆ ಮುದುಡು ರೋಗವನ್ನು ಎದುರಿಸಲೆಂದೇ ಬೆಳೆಸಿದ ‘ನಂದಿ’, ‘ಸಂಕ್ರಾಂತಿ’, ‘ವೈಭವ್’ ಈ ಬಗೆಯವು. ಸಂಕರವೇ ಬೇಕೆನ್ನುವವರಿಗೆ ಹೆಸರಘಟ್ಟದ್ದೇ ‘ಅರ್ಕಾ ರಕ್ಷಕ್’ ಇದೆ. ಎಲೆ ಮುದುಡು, ದುಂಡಾಣು ಸೊರಗು, ಎಲೆ ಅಂಗಮಾರಿ ಮೂರನ್ನೂ ತಡೆಯುವ ಗುಣ ಅದರಲ್ಲಿ ಸೇರಿದೆ.

ಸ್ವಂತ ಬೀಜ ತೆಗೆಯುವವರು ಒಂದು ಮಾತನ್ನು ಗಮನಿಸಬೇಕು. ಹಣ್ಣಿನೊಳಗೆ ಪ್ರತಿ ಬೀಜದ ಸುತ್ತ ಲೋಳೆಯ ಹೊದಿಕೆ ಇರುತ್ತದೆ. ಹಣ್ಣಿನ ಒದ್ದೆಯಲ್ಲೇ ಬೀಜ ಮೊಳೆಯದಂತೆ ತಡೆಯುವ ಪದಾರ್ಥಗಳು ಅದರಲ್ಲಿವೆ. ಪ್ರಕೃತಿಯಲ್ಲಿ ಹಣ್ಣು ಕೊಳೆತು ಲೋಳೆ ಕರಗುತ್ತದೆ. ಮನೆಯಲ್ಲಿ ಆ ಕೊಳೆಸುವ ಕೆಲಸವನ್ನು ಗಾಜಿನ ಲೋಟದಲ್ಲಿ ಮಾಡಿಸಬಹುದು. ಚೆನ್ನಾಗಿ ಮಾಗಿದ ಹಣ್ಣಿನ ತಿರುಳು, ಬೀಜವನ್ನು ಲೋಟಕ್ಕೆ ಹಿಂಡಿ ಒಂದು, ಹೆಚ್ಚೆಂದರೆ ಎರಡು ದಿನ ಬಿಟ್ಟರೆ ಹುಳಿಯೆದ್ದು ಮೇಲೆ ಬಿಳಿ ಕೆನೆ ಕಟ್ಟುತ್ತದೆ. ನೀರು ಸುರಿದು ಕದಡಿದರೆ ಜೊಳ್ಳು ತೇಲುತ್ತದೆ, ಗಟ್ಟಿ ಬೀಜ ತಳಕ್ಕಿಳಿಯುತ್ತದೆ. ಅದನ್ನು ತೊಳೆದು ತಟ್ಟೆಯಲ್ಲಿ ಹರಡಿ ನೆರಳಿನಲ್ಲಿ ಒಣಗಿಸಬೇಕು. ಕಾಗದದ ಮೇಲೆ ಹರಡಿದರೆ ಅಂಟಿಕೊಂಡು ಬಿಡುತ್ತದೆ. ಮಲೆನಾಡಿನ ಅಜ್ಜಿಯರು ಸೌತೆ ಬೀಜವನ್ನು ಬೂದಿಯಲ್ಲಿ ಕಲಸಿ ಗೋಡೆಗೆ ಬಡಿದಿಡುತ್ತಿದ್ದರಲ್ಲ, ಅದರ ಗುಟ್ಟೂ ಒಣಗಿರುವುದರಲ್ಲೇ ಇದೆ. ತೇವ ತಗಲದ ಡಬ್ಬಿಯಲ್ಲಿಟ್ಟರೆ ಟೊಮೆಟೊ ಬೀಜ ಮೂರು ನಾಲ್ಕು ವರ್ಷ ಜೀವ ಹಿಡಿದಿರುತ್ತದೆ.

ಒಂದು ಗ್ರಾಂ ತೂಕಕ್ಕೆ ಸುಮಾರು 300 ಬೀಜ. ಒಂದು ಮನೆಗೆ ಬೇಕಾದದ್ದು ಎಂಟು ಹತ್ತು ಗಿಡ. ಪೊಟ್ಟಣ ಪೂರ್ತಿ ಸುರಿದು, ಹುಲ್ಲಿನಂತೆ ಒತ್ತಾಗಿ ಎದ್ದ ಸಸಿಗಳನ್ನು ಕೀಳಲು ಮನಸ್ಸು ಬಾರದೆ ಎಲ್ಲವನ್ನೂ ಸೊರಗಿಸುವವರೇ ಹೆಚ್ಚು. ಇಪ್ಪತ್ತು ಇಪ್ಪತ್ತೈದು ಬೀಜ ಸಾಕು. ಅಂಗಡಿಯ ಬೀಜಕ್ಕೆ ಗುಲಾಬಿ, ನೀಲಿ ಬಣ್ಣವಿದ್ದರೆ ಅದು ಔಷಧ ಲೇಪಿಸಿದ ಗುರುತು. ಮುಟ್ಟಿದ ಮೇಲೆ ಕೈ ತೊಳೆಯಬೇಕು, ಮಕ್ಕಳ ಕೈಗೆ ಕೊಡಬಾರದು.

<b>ಆರು ದಿನದ ಕಾಯುವಿಕೆ</b>

ಟೊಮೆಟೊ ಬೀಜ ಮೊಳೆಯಲು ಉಷ್ಣತೆ ಎಷ್ಟಿರಬೇಕೆಂಬುದು ಚೆನ್ನಾಗಿ ಅಭ್ಯಾಸವಾದ ವಿಷಯ. ಮಣ್ಣು 10 ಡಿಗ್ರಿ ಇದ್ದರೆ ಮೊಳಕೆ ಹೊರಬರಲು ನಲವತ್ತು ದಿನ ದಾಟುತ್ತದೆ. 20 ಡಿಗ್ರಿಗೆ ಎಂಟು ದಿನ. 25ರಿಂದ 30 ಡಿಗ್ರಿಗೆ ಆರೇ ದಿನ. ಅಲ್ಲಿಂದ ಮೇಲೆ ಮತ್ತೆ ನಿಧಾನ. 35ಕ್ಕೆ ಒಂಬತ್ತು ದಿನ, 40 ಡಿಗ್ರಿಗೆ ಮೊಳಕೆಯೇ ಇಲ್ಲ. ನಮ್ಮ ಸೆಪ್ಟೆಂಬರ್ ತಿಂಗಳ ನೆರಳು ಸರಿಯಾಗಿ ಆ ಆರು ದಿನದ ಮಟ್ಟದಲ್ಲಿರುತ್ತದೆ. ಆದರೆ ಕುಂಡ ಬಿಸಿಲಿನಲ್ಲಿದ್ದರೆ, ಅದರಲ್ಲೂ ಕಾಂಕ್ರೀಟ್ ಮಾಳಿಗೆಯ ಮೇಲೆ ಕಪ್ಪು ಪ್ಲಾಸ್ಟಿಕ್ ಟ್ರೇ ಇಟ್ಟಿದ್ದರೆ, ಗಾಳಿ 32 ಡಿಗ್ರಿ ಇದ್ದರೂ ಟ್ರೇಯೊಳಗಿನ ಮಣ್ಣು 40 ದಾಟಿರುತ್ತದೆ. ‘ಬೀಜ ಸತ್ತಿತ್ತು’ ಎಂದು ದೂರುವವರು ಒಮ್ಮೆ ಮಧ್ಯಾಹ್ನ ಎರಡು ಗಂಟೆಗೆ ಆ ಮಣ್ಣಿನೊಳಗೆ ಬೆರಳಿಟ್ಟು ನೋಡಬೇಕು.

ಸಸಿ ಎಬ್ಬಿಸಲು ಗುಳಿಗಳಿರುವ ಟ್ರೇಯೇ ಬೇಕೆಂದಿಲ್ಲ. ಬುಡಕ್ಕೆ ತೂತು ಮಾಡಿದ ತೆಂಗಿನ ಚಿಪ್ಪು, ಮೂಲೆ ಕತ್ತರಿಸಿದ ಹಾಲಿನ ಪ್ಯಾಕೆಟ್, ಟೀ ಕುಡಿದ ಕಾಗದದ ಲೋಟ ಯಾವುದಾದರೂ ಆದೀತು. ಒಂದೊಂದಕ್ಕೆ ಎರಡು ಬೀಜ. ನೆಲದಲ್ಲೇ ಮಾಡುವವರು ಗೇಣೆತ್ತರದ ಮಡಿ ಮಾಡಿಕೊಳ್ಳಬೇಕು, ನೀರು ನಿಲ್ಲಬಾರದು. ತುಂಬುವ ಮಿಶ್ರಣ ಹಗುರವಾಗಿರಲಿ. ಜರಡಿ ಹಿಡಿದ ಕೆಂಪು ಮಣ್ಣು, ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ, ಮರಳು ಸಮ ಪ್ರಮಾಣದಲ್ಲಿ. ಇಲ್ಲವೇ ತೊಳೆದ ತೆಂಗಿನ ನಾರಿನ ಪುಡಿಗೆ ಎರೆಗೊಬ್ಬರ. ಬರಿಯ ಕಪ್ಪು ಎರೆಮಣ್ಣು ಬೇಡ. ಅದು ಒಣಗಿದಾಗ ಬಿರುಕು ಬಿಟ್ಟು ಎಳೆ ಬೇರನ್ನು ಹರಿಯುತ್ತದೆ. ಬೇಸಿಗೆಯಲ್ಲೇ ಮುಂದಾಲೋಚನೆ ಮಾಡುವವರಿಗೆ ಸೂರ್ಯನೇ ಕೆಲಸದಾಳು. ಏಪ್ರಿಲ್, ಮೇನಲ್ಲಿ ತೇವ ಮಾಡಿದ ಮಣ್ಣನ್ನು ಪಾರದರ್ಶಕ ಪಾಲಿಥೀನ್ ಹಾಳೆಯಲ್ಲಿ ಬಿಗಿಯಾಗಿ ಮುಚ್ಚಿ ನಾಲ್ಕಾರು ವಾರ ಬಿಸಿಲಿಗೆ ಬಿಟ್ಟರೆ ಒಳಗಿನ ರೋಗಾಣುಗಳಲ್ಲಿ ಬಹುಪಾಲು ಬೆಂದುಹೋಗುತ್ತವೆ. ಹಾಳೆ ಕಪ್ಪಗಿದ್ದರೆ ತಾನೇ ಕಾಯುತ್ತದೆ. ಪಾರದರ್ಶಕವಾದರೆ ಬೆಳಕನ್ನು ಒಳಬಿಟ್ಟು ಶಾಖವನ್ನು ಹಿಡಿದಿಟ್ಟುಕೊಳ್ಳುತ್ತದೆ, ಮಣ್ಣು ಹೆಚ್ಚು ಕಾಯುತ್ತದೆ.

ಬೀಜವನ್ನು ಅರ್ಧದಿಂದ ಒಂದು ಸೆಂಟಿಮೀಟರ್ ಆಳಕ್ಕೆ ಹಾಕಿ, ತೆಳುವಾಗಿ ಮುಚ್ಚಿ, ಮೇಲೆ ಹುಲ್ಲು ಹರಡಿದರೆ ತೇವ ಆರದು. ಮೊದಲು ಬೇರು ಇಳಿಯುತ್ತದೆ. ಆಮೇಲೆ ಕಾಂಡ ಕೊಕ್ಕೆಯಂತೆ ಬಾಗಿ ಮಣ್ಣನ್ನು ಬೆನ್ನಿನಿಂದ ನೂಕಿಕೊಂಡು ಮೇಲೆ ಬರುತ್ತದೆ, ಎಳೆಯ ಬೀಜದಳಗಳಿಗೆ ಪೆಟ್ಟಾಗದಿರಲೆಂದು. ಬೆಳಕು ಸೋಕಿದ ಮೇಲೆ ಕೊಕ್ಕೆ ನೆಟ್ಟಗಾಗುತ್ತದೆ. ಮೊದಲ ಕೊಕ್ಕೆ ಕಂಡ ದಿನವೇ ಹುಲ್ಲನ್ನು ತೆಗೆದುಬಿಡಬೇಕು. ಒಂದೆರಡು ದಿನ ಮರೆತರೂ ಬೆಳಕು ಹುಡುಕುತ್ತ ಸಸಿ ದಾರದಂತೆ ನೀಳವಾಗಿ, ಬಿಳಿಚಿಕೊಂಡು ಬಾಗುತ್ತದೆ. ಕಿಟಕಿಯಂಚಿನಲ್ಲಿ ಬೆಳೆಸಿದ ಸಸಿಗಳ ಪಾಡೂ ಇಷ್ಟೇ. ನೆರಳು ಬೇಕಾದದ್ದು ಮಧ್ಯಾಹ್ನಕ್ಕೆ. ಬೆಳಗಿನ ಮೂರು ನಾಲ್ಕು ಗಂಟೆಯ ನೇರ ಬಿಸಿಲು ಸಸಿಗೆ ಅನ್ನವಿದ್ದಂತೆ.

<b>ಒಂದು ರಾತ್ರಿಯಲ್ಲಿ ಮಲಗುವ ಸಸಿ</b>

ಎದ್ದ ಸಸಿಗೆ ಮೊದಲ ಗಂಡಾಂತರ ಬರುವುದು ಅತಿ ಪ್ರೀತಿಯಿಂದ. ಮನೆಯಲ್ಲಿ ಮೂವರಿದ್ದರೆ ಮೂವರೂ ಹೊತ್ತು ಹೊತ್ತಿಗೆ ನೀರು ಚಿಮುಕಿಸುತ್ತಾರೆ. ಸಂಜೆ ನಳನಳಿಸುತ್ತಿದ್ದ ಸಸಿಗಳು ಬೆಳಿಗ್ಗೆ ನೋಡಿದರೆ ಬುಡದಲ್ಲಿ ದಾರದಿಂದ ಬಿಗಿದಂತೆ ಸಣ್ಣಗಾಗಿ, ಹಸಿರೆಲೆ ಸಮೇತ ಮಲಗಿರುತ್ತವೆ. ಸಾಮಾನ್ಯವಾಗಿ ‘ಪಿಥಿಯಂ’ ಎಂಬ ಜೀವಿಯ ಕೆಲಸ ಇದು. ಶಿಲೀಂಧ್ರದಂತೆ ಕಂಡರೂ ನಿಜವಾದ ಶಿಲೀಂಧ್ರವಲ್ಲ. ವಂಶಾವಳಿ ನೋಡಿದರೆ ಕಡಲ ಕಂದು ಪಾಚಿಗಳಿಗೆ ಹತ್ತಿರದ್ದು. ಪಾಚಿಯ ಬಂಧುವಾದ್ದರಿಂದಲೇ ಅದರ ಚರಬೀಜಾಣುಗಳಿಗೆ ಎರಡು ಬಾಲಗಳಿವೆ. ಮಣ್ಣಿನ ಕಣಗಳ ನಡುವೆ ನೀರು ತುಂಬಿದ್ದರೆ ಅವು ಈಜಿಕೊಂಡೇ ಒಂದು ಸಸಿಯಿಂದ ಇನ್ನೊಂದಕ್ಕೆ ಹೋಗುತ್ತವೆ. ಬಿಸಿ ವಾತಾವರಣದಲ್ಲಿ ಅದರ ಒಂದು ಪ್ರಭೇದ ಬಹಳ ಚುರುಕು. ನೀರಿಲ್ಲದಿದ್ದರೆ ಈಜಲಾರವು. ಬೆಳಿಗ್ಗೆ ಒಂದೇ ಸಲ ಸಣ್ಣ ತೂತಿನ ಝಾರಿಯಲ್ಲಿ ನೀರು ಕೊಟ್ಟು, ಸಂಜೆಯ ಹೊತ್ತಿಗೆ ಮೇಲ್ಮಣ್ಣು ಆರುವಂತೆ ನೋಡಿಕೊಂಡರೆ ಅರ್ಧ ಗೆದ್ದಂತೆ. ಸಸಿಗಳು ಒತ್ತಾಗಿರದಿದ್ದರೆ ಇನ್ನರ್ಧ.

ಬಿತ್ತುವಾಗ ಬೀಜಕ್ಕೆ ಟ್ರೈಕೊಡರ್ಮಾ ಪುಡಿ ಸವರುವುದು ಒಳ್ಳೆಯ ಪದ್ಧತಿ. ಅದು ಕೇಡಿನ ಸೂಕ್ಷ್ಮಜೀವಿಗಳನ್ನು ಹತ್ತಿಕ್ಕುವ ಒಳ್ಳೆಯ ಶಿಲೀಂಧ್ರ. ರೋಗ ಕಾಣಿಸಿಕೊಂಡರೆ ಲೀಟರ್ ನೀರಿಗೆ ಮೂರು ಗ್ರಾಂ ತಾಮ್ರದ ಆಕ್ಸಿಕ್ಲೋರೈಡ್ ಕದಡಿ ಬುಡಕ್ಕೆ ಹಾಕುವುದು ರೂಢಿ. ಎರಡನ್ನೂ ಒಟ್ಟಿಗೆ ಮಾಡಬಾರದು. ತಾಮ್ರ ಟ್ರೈಕೊಡರ್ಮಾವನ್ನೂ ಕೊಲ್ಲುತ್ತದೆ. ಮಲಗಿದ ಸಸಿಯಂತೂ ಮತ್ತೆ ಏಳದು. ಮಣ್ಣು ಸಮೇತ ತೆಗೆದು ದೂರ ಎಸೆಯುವುದೇ ಸರಿ.

<b>ಕಾಣದ ಕೇಡು</b>

ಮಲಗಿದ ಸಸಿ ಮೋಸ ಮಾಡುವುದಿಲ್ಲ. ಸತ್ತದ್ದು ಕಣ್ಣಿಗೆ ಕಾಣುತ್ತದೆ, ಮತ್ತೆ ಬಿತ್ತಿದರಾಯಿತು. ನಿಜವಾಗಿ ಮೋಸ ಮಾಡುವುದು ಚೆನ್ನಾಗಿ ಕಾಣುವ ಸಸಿ. ಎಲೆ ಮುದುಡು ರೋಗದ ವೈರಸ್ ಸಸಿಮಡಿಯಲ್ಲೇ ಸೇರಿಕೊಂಡಿದ್ದರೂ ಲಕ್ಷಣ ಕಾಣಲು ಎರಡು ಮೂರು ವಾರ ಹಿಡಿಯುತ್ತದೆ. ಅಷ್ಟರಲ್ಲಿ ಸಸಿ ನಾಟಿಯಾಗಿ, ಗೊಬ್ಬರ ತಿಂದು, ಮನೆಯವರ ಆಸೆ ಬೆಳೆಸಿರುತ್ತದೆ. ಆಮೇಲೆ ತುದಿಯ ಎಲೆಗಳು ಸಣ್ಣಗಾಗಿ, ಹಳದಿಯಾಗಿ, ಅಂಚು ಮೇಲಕ್ಕೆ ಬಟ್ಟಲಿನಂತೆ ಮುದುಡುತ್ತವೆ. ಗೆಣ್ಣುಗಳು ಹತ್ತಿರ ಬಂದು ಗಿಡ ಪೊದೆಯಾಗುತ್ತದೆ. ಸಣ್ಣ ವಯಸ್ಸಿನಲ್ಲಿ ರೋಗ ತಗಲಿದ ಗಿಡದಿಂದ ಫಸಲು ಬಹುತೇಕ ಶೂನ್ಯ. ಹೂ ಕಾಯಿ ಆದ ಮೇಲೆ ತಗಲಿದರೆ ನಷ್ಟ ಅಷ್ಟಿಲ್ಲ. ಆದ್ದರಿಂದಲೇ ಸಸಿಯ ಮೊದಲ ತಿಂಗಳ ಕಾವಲು ಅಷ್ಟು ಮುಖ್ಯ.

ಭಾರತದಲ್ಲಿ ಈ ರೋಗದ ವರದಿ 1948ರಷ್ಟು ಹಿಂದೆಯೇ ಬಂದಿತ್ತು. ಇದರ ವೈರಸ್ಸುಗಳಲ್ಲಿ ಒಂದಕ್ಕೆ ಬೆಂಗಳೂರಿನ ಹೆಸರೇ ಅಂಟಿಕೊಂಡಿದೆ. ಎರಡು ಉಂಡೆಗಳನ್ನು ಅಂಟಿಸಿದಂಥ ಅವಳಿ ಆಕಾರ ಇವುಗಳದು. ಬೀಜದ ಪೊಟ್ಟಣದಿಂದಲೋ ಮುಟ್ಟುವ ಕೈಯಿಂದಲೋ ಅಲ್ಲ, ಬಿಳಿನೊಣದ ಮೂಲಕ ಹರಡುತ್ತದೆ. ಹೆಸರಿಗೆ ನೊಣವೇ ಹೊರತು ಅದು ನೊಣದ ಜಾತಿಯದಲ್ಲ. ರಸ ಹೀರುವ ಹೇನುಗಳ ಹತ್ತಿರದ ಸಂಬಂಧಿ. ಒಂದು ಮಿಲಿಮೀಟರ್ ಉದ್ದದ ಈ ಕೀಟ ಎಲೆಯ ಅಡಿಯಲ್ಲಿ ಕುಳಿತಿರುತ್ತದೆ. ಗಿಡ ಅಲುಗಿಸಿದರೆ ಬೂದಿ ಹಾರಿದಂತೆ ಎದ್ದು ಮತ್ತೆ ಕೂರುತ್ತದೆ. ಕಾಂಗ್ರೆಸ್ ಕಳೆಯಂಥ ಕಳೆಗಿಡಗಳಲ್ಲೂ ವೈರಸ್ ಆಶ್ರಯ ಪಡೆಯುತ್ತದೆ. ಫೆಬ್ರವರಿಯಿಂದ ಮೇವರೆಗೆ ಬಿಳಿನೊಣದ ಹಾವಳಿ ಅತಿ ಹೆಚ್ಚು. ಬೇಸಿಗೆಗೆ ಬೀಜ ಹಾಕಬಾರದೆನ್ನಲು ಇದು ಎರಡನೆಯ ಕಾರಣ.

ರೋಗಕ್ಕೆ ಮದ್ದಿಲ್ಲ, ಕೀಟವನ್ನು ದೂರ ಇಡಬೇಕಷ್ಟೆ. ಬಹಳ ಮಂದಿ ಹಳೆಯ ಸೊಳ್ಳೆ ಪರದೆ ಹೊದಿಸಿ ನಿಶ್ಚಿಂತರಾಗುತ್ತಾರೆ. ಸೊಳ್ಳೆ ಪರದೆಯ ತೂತಿನಲ್ಲಿ ಬಿಳಿನೊಣ ಆರಾಮವಾಗಿ ನುಸುಳುತ್ತದೆ. ನರ್ಸರಿಗಳು ಬಳಸುವ ನೈಲಾನ್ ಬಲೆಯಲ್ಲಿ ಅಂಗುಲಕ್ಕೆ 40–50 ಕಣ್ಣುಗಳಿರುತ್ತವೆ. ಅದು ಸಿಗದಿದ್ದರೆ ತೆಳುವಾದ ಹಳೆಯ ವಾಯಿಲ್ ಸೀರೆ ಸಾಕು, ಬೆಳಕನ್ನು ಕೊಂಚ ತಡೆದರೂ. ಬಿದಿರಿನ ಕಡ್ಡಿಗಳನ್ನು ಬಾಗಿಸಿ ಕಮಾನು ಕಟ್ಟಿ, ಬೀಜ ಹಾಕಿದ ದಿನವೇ ಹೊದಿಸಿ, ಅಂಚನ್ನು ಸುತ್ತಲೂ ಮಣ್ಣಿನಲ್ಲಿ ಮುಚ್ಚಬೇಕು. ನೀರನ್ನು ಬಟ್ಟೆಯ ಮೇಲಿನಿಂದಲೇ ಹಾಕಬಹುದು. ‘ಸಸಿ ಎಷ್ಟು ಬಂತು ನೋಡೋಣ’ ಎಂದು ದಿನಕ್ಕೆ ನಾಲ್ಕು ಸಲ ತೆರೆಯುವವರಿಗೆ ಪರದೆಯಿಂದ ಲಾಭವಿಲ್ಲ. ಪಕ್ಕದಲ್ಲಿ ಹಳದಿ ಬಣ್ಣದ ಡಬ್ಬಿಗೆ ಹರಳೆಣ್ಣೆ ಸವರಿ ತೂಗುಹಾಕಿದರೆ ಆ ಬಣ್ಣಕ್ಕೆ ಮರುಳಾಗಿ ಬಂದ ನೊಣಗಳು ಅಂಟಿಕೊಳ್ಳುತ್ತವೆ. ಎಷ್ಟು ಬಂದಿವೆ ಎಂದು ಎಣಿಸುವುದಕ್ಕೂ ಅನುಕೂಲ.

ಕೈಯಿಂದ ಹರಡುವ ವೈರಸ್ ಬೇರೆಯೇ ಇದೆ. ತಂಬಾಕಿನ ಮೊಸಾಯಿಕ್ ವೈರಸ್. ವೈರಸ್ ಎಂಬುದೊಂದಿದೆ ಎಂದು ವಿಜ್ಞಾನಕ್ಕೆ ಮೊದಲು ಗೊತ್ತಾದದ್ದೇ ಇದರಿಂದ, 1890ರ ದಶಕದಲ್ಲಿ. 1935ರಲ್ಲಿ ಅಮೆರಿಕದ ಸ್ಟ್ಯಾನ್ಲಿ ಇದನ್ನು ಹರಳುಗಟ್ಟಿಸಿ ಮುಂದೆ ನೊಬೆಲ್ ಪಡೆದರು. ಒಣಗಿದ ತಂಬಾಕಿನಲ್ಲೂ ವರ್ಷಗಟ್ಟಲೆ ಬದುಕುವ ಇದು ಬೀಡಿ ಸೇದಿದ, ಎಲೆಯಡಿಕೆಗೆ ಹೊಗೆಸೊಪ್ಪು ತಿಕ್ಕಿದ ಬೆರಳುಗಳಿಂದ ಟೊಮೆಟೊಗೆ ದಾಟುತ್ತದೆ. ಅಂಥ ಅಭ್ಯಾಸವಿರುವ ಹಿರಿಯರು ಸಸಿ ಮುಟ್ಟುವ ಮೊದಲು ಸಾಬೂನು ಹಚ್ಚಿ ಕೈ ತೊಳೆಯಬೇಕು. ಇದನ್ನು ಅವರಿಗೆ ಹೇಳುವ ಕೆಲಸ ಮೊಮ್ಮಕ್ಕಳಿಗೆ ವಹಿಸಿದರೆ ಜಗಳವಾಗದು.

<b>ನಾಟಿಯ ಸಂಜೆ</b>

ಇಪ್ಪತ್ತೈದು ದಿನದ ಹೊತ್ತಿಗೆ ಸಸಿಯಲ್ಲಿ ನಾಲ್ಕೈದು ನಿಜ ಎಲೆಗಳಿರುತ್ತವೆ. ಮೊದಲು ಬಂದ ಎರಡು ನುಣುಪು ಬೀಜದಳಗಳನ್ನು ಲೆಕ್ಕಕ್ಕೆ ಹಿಡಿಯಬಾರದು. ನಾಟಿಗೆ ಐದಾರು ದಿನ ಮೊದಲಿನಿಂದ ನೀರನ್ನು ಕಡಿಮೆ ಮಾಡುತ್ತ, ಬಿಸಿಲಿನ ಹೊತ್ತನ್ನು ಹೆಚ್ಚಿಸುತ್ತ ಹೋಗಬೇಕು. ಎಲೆ ತುಸು ಒರಟಾಗಿ, ಕಾಂಡ ನೇರಳೆ ಬಣ್ಣಕ್ಕೆ ತಿರುಗಿದರೆ ಸಸಿ ಗಟ್ಟಿಯಾಯಿತೆಂದು ಅರ್ಥ. ನಲವತ್ತು ದಿನದ ಎತ್ತರದ ಸಸಿ ನೋಡಲು ಚೆಂದ, ಆದರೆ ಬೇರು ಸುರುಳಿ ಸುತ್ತಿ ಮುಪ್ಪಾಗಿರುತ್ತದೆ. ಪೇಟೆಯಲ್ಲಿ ಸಸಿ ಕೊಳ್ಳುವವರೂ ಎತ್ತರಕ್ಕೆ ಮರುಳಾಗದೆ ಗಿಡ್ಡ, ದಪ್ಪ ಕಾಂಡದ್ದನ್ನೇ ಆರಿಸಿ, ಎಲೆಯ ಅಡಿಭಾಗವನ್ನು ತಿರುಗಿಸಿ ನೋಡಿ ತರಬೇಕು.

ಮೆಣಸಿನಕಾಯಿ, ಬದನೆ ಸಸಿಗಳನ್ನು ಸಸಿಮಡಿಯಲ್ಲಿದ್ದಷ್ಟೇ ಆಳಕ್ಕೆ ನೆಡುವುದು ವಾಡಿಕೆ. ಟೊಮೆಟೊ ಹಾಗಲ್ಲ. ಅದರ ಕಾಂಡ ಮಣ್ಣು ತಗಲಿದಲ್ಲೆಲ್ಲ ಬೇರು ಬಿಡುತ್ತದೆ. ಬುಡದ ಎಲೆಗಳನ್ನು ಚಿವುಟಿ, ಕಾಂಡದ ಅರ್ಧದಷ್ಟನ್ನು ಮಣ್ಣಿನೊಳಗೆ ಇಳಿಸಿದರೆ ಗಿಡಕ್ಕೆ ಎರಡರಷ್ಟು ಬೇರು. ಸೊಟ್ಟಗಾದ ನೀಳ ಸಸಿಯನ್ನು ಮಣ್ಣಿನಲ್ಲಿ ಓರೆಯಾಗಿ ಮಲಗಿಸಿ ತುದಿಯನ್ನಷ್ಟೇ ಹೊರಗಿಟ್ಟರೂ ಬದುಕುತ್ತದೆ. ನಾಟಿ ಸಂಜೆಯೇ ಆಗಬೇಕು. ಬೆಳಿಗ್ಗೆ ನೆಟ್ಟರೆ ಬೇರು ನೀರು ಹೀರಲು ಶುರುಮಾಡುವ ಮೊದಲೇ ಎಲೆ ಬಿಸಿಲಿಗೆ ಬಾಡುತ್ತದೆ. ಗಿಡದಿಂದ ಗಿಡಕ್ಕೆ ಮೊಳಕ್ಕಿಂತ ತುಸು ಹೆಚ್ಚು ಅಂತರ, ಕುಂಡವಾದರೆ ಒಂದಕ್ಕೆ ಒಂದೇ ಗಿಡ. ಆಸರೆಯ ಕೋಲನ್ನು ಅಂದೇ ಹುಗಿದಿಡುವುದು ಲೇಸು. ತಿಂಗಳ ನಂತರ ಹುಗಿಯಲು ಹೋದರೆ ಬೇರಿಗೆ ಪೆಟ್ಟು. ವಾಯಿಲ್ ಸೀರೆಯನ್ನು ಇನ್ನೂ ಎರಡು ಮೂರು ವಾರ ಗಿಡದ ಮೇಲೆ ಹೊದಿಸಲು ಸಾಧ್ಯವಾದರೆ ಇನ್ನೂ ಒಳ್ಳೆಯದು. ಮೊಗ್ಗು ಕಂಡ ಮೇಲೆ ತೆಗೆದುಬಿಡಬಹುದು.

ಆಮೇಲೆ ದೀಪಾವಳಿಯ ಹಿಂದುಮುಂದಿನ ಒಂದು ಬೆಳಿಗ್ಗೆ, ಕಲಬುರಗಿಯ ಅದೇ ಹಿತ್ತಲಿನಲ್ಲಿ ತೆಳು ಚಳಿ. ಬಾಡಿದ ಹೂವೊಂದನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಹಳದಿ ಎಸಳು ಮಾತ್ರ ಉದುರುತ್ತದೆ. ತೊಟ್ಟಿನಲ್ಲಿ ಸಾಸಿವೆ ಕಾಳಿನಷ್ಟು ಹಸಿರು ಕಾಯಿ ಉಳಿದಿರುತ್ತದೆ.